ಮೊಂಡನ ಪಕ್ಕದ ಖಾಲಿ ಜಾಗ

ಮಾರ್ಚ್ ೩, ಮಂಗಳವಾರ

ಅಕ್ಕ ಬಂದಿಳಿದಳು. ಜೊತೆಗೆ ಎರಡು ಪೆಟ್ಟಿಗೆ, ಒಂದು ಹೊಲಿಗೆ ಯಂತ್ರ, ತಲೆಯೂ ಕೈಕಾಲೂ ಇಲ್ಲದ ಒಂದು ಬೊಂಬೆ. ನಲವತ್ತು ವರ್ಷ ಹೊಲಿಗೆ ಅಂಗಡಿ ನಡೆಸಿದವಳು, ಅಂಗಿ ತೊಡಿಸಿ ನೋಡುವ ಬೊಂಬೆಯನ್ನು ಬಿಟ್ಟು ಬಂದಾಳೆಯೇ! ಅವಳ ಸ್ನಾನದ ಮನೆಯ ನೆಲದೊಳಗೆ ಕೊಳವೆ ಒಡೆದು ನೀರು ಮಂಚದ ಕೆಳಗೆ ಬಂತಂತೆ. ಮೇಸ್ತ್ರಿ ಇಡೀ ನೆಲ ಅಗೆದು ಹಾಕಿದ್ದಾನೆ. ಮೂರು ವಾರದ ಕೆಲಸ.

"ನಿನಗೇನೂ ತೊಂದ್ರೆ ಇಲ್ಲ ತಾನೇ?" ಎಂದು ಬಾಗಿಲಲ್ಲೇ ಕೇಳಿದಳು.

"ಛೇ, ಅದೇನು ತೊಂದ್ರೆ" ಎಂದೆ. ಶುದ್ಧ ಸುಳ್ಳು. ಹತ್ತೊಂಬತ್ತು ವರ್ಷದಿಂದ ನಾನೊಬ್ಬಳೇ ಇರುವ ಮನೆ ಇದು. ಅವಳಿಗೆ ಹೇಳಲಾಗದ್ದನ್ನೆಲ್ಲ ಬರೆದು ಹಗುರಾಗೋಣವೆಂದು ಆಫೀಸಿನ ಹಳೆಯ ಲಾಗ್ ಪುಸ್ತಕ ಹೊತ್ತು ತಂದಿದ್ದೇನೆ. ಮೊದಲ ದಿನದ ದೂರುಗಳನ್ನು ಬರೆದುಬಿಡುತ್ತೇನೆ. ಅಗಿಯುವಾಗಲೂ ಹಾಡು ಗುನುಗುತ್ತಾಳೆ. ಪ್ರಶ್ನೆ ಕೇಳಿ ತಾನೇ ಉತ್ತರ ಕೊಡುತ್ತಾಳೆ. ದೀಪದ ಸ್ವಿಚ್ಚಿನೊಂದಿಗೂ ಮಾತಾಡುತ್ತಾಳೆ. ನನ್ನ ಚಹಾ ಲೋಟದ ಜಾಗದಲ್ಲಿ ಸೂಜಿ ಡಬ್ಬಿ ಕೂತಿದೆ.

ಇರಲಿ, ಇವತ್ತು ನನಗೆ ಯಾವುದೂ ತಾಗುವುದಿಲ್ಲ. ತಟ್ಟೆಗೆ ಹೊಸ ಗ್ರಾಹಕ ಬಂದಿದೆ! ತಟ್ಟೆ ಎಂದರೆ ನಮ್ಮ ರೇಡಿಯೋ ದೂರದರ್ಶಕ. ಗ್ರಾಹಕ ಎಂದರೆ ಅದರ ಕಿವಿ. ಹಳೆಯ ಕಿವಿ ಮಂದವಾಗಿತ್ತು, ಇದು ಚುರುಕು. ಸಮಿತಿಯವರು ನನಗೆ ಇಪ್ಪತ್ತನಾಲ್ಕು ಗಂಟೆ ಕೊಟ್ಟಿದ್ದಾರೆ, ಆರು ಬೆಳಗ್ಗೆ, ಒಂದೊಂದು ಬೆಳಗ್ಗೆಗೆ ನಾಲ್ಕು ಗಂಟೆ. ಎಲ್ಲವೂ ನನ್ನ ಮೊಂಡನಿಗೆ.

ಮಾರ್ಚ್ ೫, ಗುರುವಾರ

ಬೆಳಗ್ಗೆ ಎದ್ದ ಕೂಡಲೇ ಮೇಸ್ತ್ರಿಗೆ ಫೋನ್ ಮಾಡಿದೆ. "ಬೇಗ ಮುಗಿಸಪ್ಪ, ಅಕ್ಕನಿಗೆ ತನ್ನ ಮನೆ ಬಿಟ್ಟು ಇರೋಕೆ ಆಗಲ್ಲ" ಎಂದೆ. "ಮೊನ್ನೆ ತಾನೇ ಅಗೆದಿದೀನಿ ಮೇಡಂ" ಎಂದ. ದಿನಕ್ಕೊಂದು ಸಲ ಜ್ಞಾಪಿಸುವುದೆಂದು ತೀರ್ಮಾನಿಸಿದ್ದೇನೆ.

ಏಳು ಗಂಟೆಗೆ ಮೊದಲ ಪಾಳಿ. ರೇಡಿಯೋ ಕಿವಿಗೆ ಹಗಲೂ ರಾತ್ರಿಯೂ ಒಂದೇ, ಸೂರ್ಯ ಪಕ್ಕಕ್ಕಿದ್ದರೆ ಸಾಕು. ನಿಯಂತ್ರಣ ಕೊಠಡಿಯಲ್ಲಿ ನಾನು ಮತ್ತು ಫ್ರಿಜ್ಜು. ಗ್ರಾಹಕವನ್ನು ತಣ್ಣಗಿಡುವ ಎಂಜಿನಿಯರಿಗೆ ನಾವೆಲ್ಲ ಇಟ್ಟ ಹೆಸರು ಅದು. ಆತ ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಹಾಗಾಗಿ ಈ ತಿಂಗಳಲ್ಲಿ ನನಗೆ ಆಫೀಸೇ ವಿಶ್ರಾಂತಿಧಾಮ.

ಸಂಜೆ ಅಕ್ಕ ಹಿಡಿದ ಪಟ್ಟು ಬಿಡಲಿಲ್ಲ. "ಹನ್ನೊಂದು ವರ್ಷದಿಂದ ಅದೇನು ನೋಡ್ತಿದೀಯ ಅಂತ ನನಗೂ ಹೇಳೇ" ಎಂದಳು. ಹೇಳಿದೆ. ನಕ್ಷತ್ರಗಳ ನಡುವೆ ಅನಿಲ, ಧೂಳುಗಳ ದೊಡ್ಡ ದೊಡ್ಡ ಮೋಡಗಳಿವೆ. ಅವುಗಳ ಒಳಗೆ ಅಲ್ಲಲ್ಲಿ ದಟ್ಟನೆಯ ಗಂಟುಗಳು. ಒಳಗೆ ಸೊನ್ನೆಗಿಂತ ಇನ್ನೂರ ಅರವತ್ತು ಡಿಗ್ರಿ ಕೆಳಗಿನ ಚಳಿ, ಬೆಳಕು ಒಂದಿಷ್ಟೂ ಹೊರಬಾರದ ಕತ್ತಲೆ. ಅಲ್ಲಿನ ಅಣುಗಳು ಹೊರಡಿಸುವ ಸಣ್ಣ ರೇಡಿಯೋ ಸದ್ದು ಮಾತ್ರ ನಮಗೆ ಕೇಳುತ್ತದೆ. ಗಂಟು ತನ್ನ ಭಾರ ತಾನೇ ತಾಳಲಾರದೆ ಒಳಕ್ಕೆ ಕುಸಿಯತೊಡಗಿದರೆ ನಡುವೆ ನಕ್ಷತ್ರ ಹುಟ್ಟುತ್ತದೆ. ನನ್ನ ಗಂಟಿಗೆ ಭಾರವಿದೆ, ಚಳಿಯಿದೆ, ಎಲ್ಲ ಇದೆ. ಕುಸಿಯುವುದೊಂದು ಗೊತ್ತಿಲ್ಲ. ಅದಕ್ಕೇ ಮೊಂಡ ಎಂದು ಕರೆಯುತ್ತೇನೆ.

"ಕುಸಿಯದೆ ಹೋದ್ರೆ?"

"ಈ ಕೆಲಸ ಮುಚ್ಚಿ ನನ್ನನ್ನ ನೆಲಮಾಳಿಗೆಗೆ ಹಾಕ್ತಾರೆ. ಹಳೇ ಟೇಪು ಜೋಡಿಸೋ ಕೋಣೆಗೆ."

"ಅಲ್ಲಿ ಕಿಟಕಿ ಇದೆಯಾ?" ಎಂದಳು. ಇಲ್ಲವೆಂದೆ. ಅವಳು ಗುನುಗುವುದನ್ನು ನಿಲ್ಲಿಸಿದಳು. ಪೂರ್ತಿ ಒಂದು ನಿಮಿಷ! ಗಡಿಯಾರ ನೋಡಿಯೇ ಬರೆಯುತ್ತಿದ್ದೇನೆ.

ಮಾರ್ಚ್ ೬, ಶುಕ್ರವಾರ

ಅಕ್ಕನಿಗೆ ನಮ್ಮ ಕೆಲಸದ ಕ್ರಮವನ್ನೂ ಹೇಳಬೇಕಾಯಿತು. ತಟ್ಟೆ ಎರಡು ನಿಮಿಷ ಮೊಂಡನನ್ನು ಕೇಳಿಸಿಕೊಳ್ಳುತ್ತದೆ, ಆಮೇಲೆ ತುಸು ಹೊರಳಿ ಎರಡು ನಿಮಿಷ ಪಕ್ಕದ ಖಾಲಿ ಜಾಗವನ್ನು. ಮೊದಲಿನದರಿಂದ ಎರಡನೆಯದನ್ನು ಕಳೆದರೆ ಗಾಳಿಯ ಗದ್ದಲ, ಯಂತ್ರದ ಗದ್ದಲವೆಲ್ಲ ಹೋಗಿ ಮೊಂಡ ಒಬ್ಬನೇ ಉಳಿಯುತ್ತಾನೆ. ಬೆಳಗಿಡೀ ಇದೇ. ಮೊಂಡ, ಖಾಲಿ, ಮೊಂಡ, ಖಾಲಿ.

ಹೇಳಿ ಮುಗಿಸುವಾಗ ಒಂದು ಯೋಚನೆ ಬಂದು ನಗು ತಡೆಯಲಾಗಲಿಲ್ಲ. ಅಕ್ಕನಿರುವ ಮನೆಯಿಂದ ಅಕ್ಕನಿಲ್ಲದ ಮನೆಯನ್ನು ಕಳೆದರೆ ಏನು ಉಳಿದೀತು? ಬರೀ ಗದ್ದಲ. ಅವಳಿಗೆ ಹೇಳಲಿಲ್ಲ.

ಮೇಸ್ತ್ರಿಗೆ ಎರಡು ಸಲ ಫೋನ್ ಮಾಡಿದೆ.

ಮಾರ್ಚ್ ೯, ಸೋಮವಾರ

ಕುಣಿದೆ! ಐವತ್ತಮೂರು ವರ್ಷದ ಹೆಂಗಸು, ಕೆಲಸದ ಜಾಗದಲ್ಲಿ, ಎರಡೂ ಕೈ ಮೇಲೆತ್ತಿ ಕುಣಿದೆ! ಫ್ರಿಜ್ಜು ಚಹಾ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟ. ಆತನನ್ನೂ ಹಿಡಿದು ಎರಡು ಸುತ್ತು ತಿರುಗಿಸಿದೆ. ಚಹಾ ಚೆಲ್ಲಿತು. "ಮೇಡಂ, ಕೀಬೋರ್ಡು" ಎಂದಷ್ಟೇ ಹೇಳಿದ.

ಮೂರನೆಯ ಬೆಳಗಿನ ಲೆಕ್ಕ ಸೇರಿದ ಮೇಲೆ ಪರದೆಯ ಮೇಲಿನ ಗೆರೆ ಬದಲಾಗಿದೆ. ಹನ್ನೊಂದು ವರ್ಷ ಒಂದೇ ಡುಬ್ಬ ತೋರಿಸಿದ ಮೊಂಡ ಈಗ ಎರಡು ಡುಬ್ಬ ತೋರಿಸುತ್ತಿದ್ದಾನೆ, ನಡುವೆ ತಗ್ಗು. ಅಂದರೆ ಅವನೊಳಗೆ ಚಲನೆಯಿದೆ! ಒಳಕ್ಕೋ ಹೊರಕ್ಕೋ ಎಂಬುದನ್ನು ಡುಬ್ಬಗಳ ಎತ್ತರ ಹೇಳುತ್ತದೆ. ಗಂಟು ಒಳಕ್ಕೆ ಬೀಳುವಾಗ ಅದರ ಆಚೆ ಮಗ್ಗುಲಿನ ಅನಿಲ ನಮ್ಮ ಕಡೆ ಬರುತ್ತದೆ, ಈಚೆ ಮಗ್ಗುಲಿನದು ನಮ್ಮಿಂದ ದೂರ ಸರಿಯುತ್ತದೆ. ಈಚೆಯ ತಣ್ಣನೆಯ ಹೊರಪದರ ತನ್ನ ಹಿಂದಿನ ಅನಿಲದ ಸದ್ದನ್ನು ನುಂಗುವುದರಿಂದ ದೂರ ಸರಿಯುವ ಅನಿಲದ ಡುಬ್ಬ, ಅಂದರೆ ಬಲದ್ದು, ಕುಗ್ಗುತ್ತದೆ. ಎಡದ್ದು ಎತ್ತರವಾದರೆ ಕುಸಿತ. ಬಲದ್ದು ಎತ್ತರವಾದರೆ ಗಂಟು ಬಿಚ್ಚಿ ಹರಡಿಹೋಗುತ್ತಿದೆಯೆಂದು ಅರ್ಥ. ಸದ್ಯಕ್ಕೆ ಎರಡೂ ಒಂದೇ ಎತ್ತರದಲ್ಲಿ ನಡುಗುತ್ತಿವೆ. ಇನ್ನೆರಡು ಬೆಳಗ್ಗೆ ಬೇಕು.

ಅಕ್ಕನಿಗೆ ಎರಡು ದಿಂಬಿಟ್ಟು ವಿವರಿಸಿದೆ. ಅವಳು ಎಡದ ದಿಂಬನ್ನು ತಟ್ಟಿ ತಟ್ಟಿ ಉಬ್ಬಿಸಿ, "ಏಳೋ ನನ್ನಪ್ಪ, ಏಳು" ಎಂದು ಅಪ್ಪಣೆ ಕೊಟ್ಟಳು. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಮೇಸ್ತ್ರಿಗೆ ಫೋನ್ ಮಾಡಲು ಮರೆತೆ. ನಾಳೆ ಎರಡು ಸಲ ಮಾಡಬೇಕು.

ಮಾರ್ಚ್ ೧೨, ಗುರುವಾರ

ಬಲದ್ದು ಎತ್ತರ.

ಅನುಮಾನಕ್ಕೆ ಎಡೆಯೇ ಇಲ್ಲ. ಮೊಂಡ ಹರಡಿಹೋಗುತ್ತಿದ್ದಾನೆ. ಹನ್ನೊಂದು ವರ್ಷ.

ಅಕ್ಕ ನನ್ನ ಹಾಸಿಗೆಯ ಮೇಲಿದ್ದ ದಿಂಬುಗಳನ್ನು ಒಳಗೆ ತೆಗೆದಿಟ್ಟಳು.

ಮಾರ್ಚ್ ೧೪, ಶನಿವಾರ

ಮುಖ್ಯಸ್ಥರು ಖುಷಿಯಾಗಿದ್ದಾರೆ, ಅದೇ ಹೊಟ್ಟೆಯುರಿ. "ಹರಡಿಹೋಗೋ ಗಂಟೂ ಒಂದು ಸುದ್ದೀನೇ. ಉಳಿದ ನಾಲ್ಕು ಗಂಟೆ ಮೊಂಡನನ್ನೇ ಇನ್ನಷ್ಟು ನೋಡಿ, ಬರೆದು ಮುಗಿಸಿಬಿಡಿ" ಎಂದರು. ಮುಗಿಸಿಬಿಡಿ ಎಂದರೆ ನೆಲಮಾಳಿಗೆ ಎಂದೇ ಅರ್ಥ. ಅಲ್ಲಿನ ಕೋಣೆಯ ಬೀಗದ ಕೈಯನ್ನೂ ಕಾಳಜಿಯಿಂದ ಮೇಜಿನ ಮೇಲಿಟ್ಟಿದ್ದರು.

ಮಧ್ಯಾಹ್ನ ಅಕ್ಕ ಕೇಳದೆ ಕರೆಯದೆ ಬಂದುಬಿಟ್ಟಳು, ಊಟದ ಡಬ್ಬಿ ಹಿಡಿದು. ಕಾವಲಿನವನಿಗೆ "ನನ್ನ ತಂಗಿ ನಕ್ಷತ್ರ ಹುಟ್ಟಿಸ್ತಾಳೆ, ಬಿಡಪ್ಪ" ಎಂದು ಹೇಳಿ ಒಳಗೆ ಬಂದಳಂತೆ. ಮಾನ ಹೋಯಿತು. ನಿಯಂತ್ರಣ ಕೊಠಡಿಯಲ್ಲಿ ಫ್ರಿಜ್ಜುವಿನ ಕೋಟು ನೋಡಿದವಳೇ "ಒಂದು ಗುಂಡಿ ಸಡಿಲ ಇದೆ, ಬಿಚ್ಚಿ ಕೊಡಿ" ಎಂದಳು. ಆತ ಬಿಚ್ಚಿ ಕೊಟ್ಟ! ಗುಂಡಿ ಹೊಲಿಯುತ್ತ ಲಾಗ್ ಹಾಳೆಯನ್ನು ಓದಿದಳು.

"ಮೊಂಡ, ಖಾಲಿ, ಮೊಂಡ, ಖಾಲಿ. ಅಲ್ಲ ಕಣೇ, ಇದು ಖಾಲಿ ಅಂತ ನೋಡಿದೋರು ಯಾರು?"

"ನಾನೇ. ಹನ್ನೊಂದು ವರ್ಷದ ಹಿಂದೆ ಆರಿಸಿದ್ದು."

"ಆರಿಸಿದ್ದು ಸರಿ. ನೋಡಿದ್ಯಾ?"

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಹೊಲಿಗೆಯವರು ಹೊಲಿಗೆ ನೋಡಿಕೊಂಡರೆ ಸಾಕು ಎಂದುಬಿಟ್ಟೆ, ಫ್ರಿಜ್ಜುವಿನ ಎದುರಿಗೇ. ಅಕ್ಕ ಬೇಸರಿಸಲಿಲ್ಲ. ದಾರ ಕಚ್ಚಿ ತುಂಡರಿಸಿ ಹೇಳಿದಳು: "ಹೊಲಿಗೆ ಮಾತೇ ಹೇಳ್ತೀನಿ ಕೇಳು. ಒಂದು ವರ್ಷ ಯಾವ ಅಂಗಿ ಹೊಲಿದ್ರೂ ಎಡ ಭುಜ ಜೋಲು ಬೀಳೋದು. ಬಿಚ್ಚೋದು, ಹೊಲಿಯೋದು, ಬಿಚ್ಚೋದು, ಹೊಲಿಯೋದು. ನನ್ನ ಕೈಯೇ ಕೆಟ್ಟೋಯ್ತು ಅಂತ ಅತ್ತಿದೀನಿ. ಕೊನೆಗೊಂದು ದಿನ ಬೊಂಬೆ ಮೇಲಿನ ಬಟ್ಟೆಯೆಲ್ಲ ತೆಗೆದು ಬರೀ ಬೊಂಬೆ ನೋಡಿದೆ. ಅದರ ಎಡ ಭುಜ ಒಂದು ಬೆರಳು ತಗ್ಗಿತ್ತು. ಅಂಗಿ ಎಲ್ಲಾ ಸರಿಯಾಗೇ ಇದ್ವು ಕಣೇ."

ಫ್ರಿಜ್ಜು "ಹೌದಲ್ಲ" ಎಂದ. ಅದು ಆತನ ಆ ದಿನದ ಮೊದಲ ಮಾತು.

ಮಾರ್ಚ್ ೧೫, ಭಾನುವಾರ

ರಜೆಯಾದರೂ ಆಫೀಸಿಗೆ ಹೋಗಿ ಹಳೆಯ ನಕ್ಷೆ ಹುಡುಕಿದೆ. ಅಕ್ಕನೂ ಬಂದಳು. ಎರಡು ಕುರ್ಚಿ ಜೋಡಿಸಿ, ನಕ್ಷೆ ಹಾಸಿ, ಅವಳ ಓದುವ ಕನ್ನಡಕವನ್ನು ಸರದಿಯಲ್ಲಿ ಹಾಕಿಕೊಂಡು ನೋಡಿದೆವು. ನನ್ನದನ್ನು ಮನೆಯಲ್ಲೇ ಮರೆತಿದ್ದೆ.

ನಕ್ಷೆಯಲ್ಲಿ ಮೋಡ ಇರುವ ಕಡೆಯೆಲ್ಲ ಗೆರೆಗಳ ಸುತ್ತು. ಮೊಂಡನ ಎಡಕ್ಕೆ ಹೆಬ್ಬೆರಳಗಲದಾಚೆ ಅಚ್ಚ ಬಿಳಿ. ಆ ದಿನ ನಾನು ಹೆಬ್ಬೆರಳಿಟ್ಟೇ ಅಳೆದು, ಬಿಳಿ ಕಂಡಿತೆಂದು "ಖಾಲಿ" ಎಂದು ಬರೆದಿದ್ದೆ, ಬಸ್ಸು ಹಿಡಿಯುವ ಅವಸರದಲ್ಲಿ. ಆಮೇಲೆ ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ. ಮಂದ ಕಿವಿಯ ಹಳೆಯ ಗ್ರಾಹಕವೂ ಯಾವ ಅನುಮಾನವನ್ನೂ ಎಬ್ಬಿಸಲಿಲ್ಲ.

ಅಕ್ಕ ಬೆರಳಿಟ್ಟು ನಕ್ಷೆಯ ಅಂಚಿನ ಇರುವೆ ಅಕ್ಷರ ಓದಿದಳು: "ಹವೆ ಕೆಟ್ಟಿದ್ದರಿಂದ ಎಡಗಡೆಯ ಪಟ್ಟಿಯನ್ನು ಅಳೆದಿಲ್ಲ."

ಬಿಳಿ ಎಂದರೆ ಏನೂ ಇಲ್ಲವೆಂದಲ್ಲ. ಯಾರೂ ನೋಡಿಲ್ಲವೆಂದು!

ಆ ಸಾಲನ್ನು ನಾನೂ ಓದಿದೆ, ಆಮೇಲೆ ನಗು ಬಂತು. ಆ ಖಾಲಿ ಜಾಗದಲ್ಲಿ ಏನಾದರೂ ಇದ್ದರೆ? ಅಲ್ಲಿ ಎಡದ ಡುಬ್ಬ ಎತ್ತರದ ಗೆರೆ ಇದ್ದು, ಅದನ್ನು ನಾನೇ ಮೊಂಡನಿಂದ ಕಳೆಯುತ್ತಿದ್ದರೆ? ಮೊಂಡನ ಎಡಭಾಗವನ್ನು ನಾನೇ ಕಚ್ಚಿ ತೆಗೆದ ಹಾಗಾಯಿತು. ಉಳಿಯುವುದು ಬಲದ ಡುಬ್ಬವೇ. ಹಾಗಾದರೆ ಹರಡುತ್ತಿರುವವನು ಮೊಂಡನಲ್ಲ. ಕುಸಿಯುತ್ತಿರುವುದು ಖಾಲಿ ಜಾಗ!

"ಆದ್ರೆ" ಎಂದಳು ಅಕ್ಕ, "ಅಲ್ಲಿ ನಿಜವಾಗ್ಲೂ ಏನೂ ಇಲ್ಲದೇ ಹೋದ್ರೆ?"

ಹಾಗಾದರೆ ಕೊನೆಯ ನಾಲ್ಕು ಗಂಟೆಯೂ ಗಾಳಿಗೆ ಹೋಯಿತು.

ಮಾರ್ಚ್ ೧೭, ಮಂಗಳವಾರ

ಮುಖ್ಯಸ್ಥರು ನನ್ನ ಅರ್ಜಿಯನ್ನು ಎರಡು ಸಲ ಓದಿದರು. "ನೋಡಬೇಕಾದ ಗುರಿ ಅನ್ನೋ ಕಡೆ 'ಖಾಲಿ ಜಾಗ' ಅಂತ ಬರೆದಿದೀರಿ."

"ಹೌದು ಸರ್."

"ಖಾಲಿ ಜಾಗ ನೋಡೋಕೆ ತಟ್ಟೆ ಬೇಕಾ? ನಮ್ಮ ಸಭಾಂಗಣ ಸಾಲದಾ?"

ಅವರು ನಗೆಯಾಡಿದ್ದು ನಾನು ಕೆಲಸಕ್ಕೆ ಬಂದ ಮೇಲೆ ಇದೇ ಮೊದಲು. ನಾನು ಇನ್ನೂ ಜೋರಾಗಿ ನಕ್ಕೆ. ನಕ್ಷೆ ತೋರಿಸಿದೆ. ಅವರು ಗಲ್ಲ ಉಜ್ಜಿಕೊಂಡು, "ನಿಮ್ಮ ಗಂಟೆಗಳು, ನಿಮ್ಮಿಷ್ಟ. ನೆಲಮಾಳಿಗೆಯೂ ನಿಮ್ಮದೇ" ಎಂದರು. ಗುರುವಾರ ಬೆಳಗ್ಗೆ ಏಳಕ್ಕೆ.

ಭಯವಾಗುತ್ತಿದೆ. ಬರೆದಿಟ್ಟರೆ ಕಡಿಮೆಯಾದೀತೆಂದು ಬರೆದೆ, ಆಗಲಿಲ್ಲ. ಅಕ್ಕನಿಗೆ ಹೇಳಿದೆ, ಸ್ವಲ್ಪ ಆಯಿತು.

ಮಾರ್ಚ್ ೧೮, ಬುಧವಾರ

ಅಕ್ಕ ದಾರ ತರುತ್ತೇನೆಂದು ಬೆಳಗ್ಗೆ ಹೋದವಳು ಸಂಜೆ ಬಂದಳು, ದಾರವನ್ನೇ ಮರೆತು. ಎಲ್ಲಿ ಸುತ್ತಲು ಹೋಗಿದ್ದಳೋ. ಮನೆಯಲ್ಲಿ ಚಹಾ ಮಾಡಿಕೊಂಡೆ, ಯಾಕೋ ರುಚಿಯಿರಲಿಲ್ಲ, ಎರಡು ಲೋಟವೂ ಹಾಗೇ ತಣ್ಣಗಾದವು. ಹೊಸ ಚಹಾಪುಡಿ ಚೆನ್ನಾಗಿಲ್ಲ, ಅಂಗಡಿ ಬದಲಿಸಬೇಕು.

ಮಾರ್ಚ್ ೧೯, ಗುರುವಾರ

ಎಲ್ಲಿಂದ ಶುರು ಮಾಡಲಿ! ಕೈ ಬರೆಯುತ್ತಿಲ್ಲ, ಹಾರುತ್ತಿದೆ!

ಏಳು ಗಂಟೆ. ಆಕಾಶ ಶುಭ್ರ, ಗಾಳಿ ಒಣ. ಈ ಸಲ ಹೋಲಿಸಲು ಬೇರೆಯೇ ಜಾಗ ಆರಿಸಿದ್ದೆ, ಬಹಳ ದೂರದ್ದು. ನಕ್ಷೆಯಲ್ಲಿ ನಿಜವಾಗಿ ಅಳೆದು, ಏನೂ ಇಲ್ಲವೆಂದು ತಿಳಿದ ಜಾಗ. ಅಂಚಿನ ಇರುವೆ ಅಕ್ಷರವನ್ನು ಮೂರು ಸಲ ಓದಿಕೊಂಡೇ ಆರಿಸಿದೆ. ತಟ್ಟೆ ಗುರುಗುಟ್ಟುತ್ತ ತಿರುಗಿತು. ಮೊಂಡನನ್ನು ದಾಟಿತು. ಹೆಬ್ಬೆರಳಗಲ ಆಚೆ ಹೋಗಿ ನಿಂತಿತು.

ಮೊದಲ ಅರ್ಧ ಗಂಟೆ ಪರದೆಯ ಮೇಲೆ ಬರೀ ಹುಲ್ಲು, ಅಂದರೆ ಹುಲ್ಲಿನ ಹಾಗೆ ಒತ್ತಾಗಿ ನಿಂತ ಗದ್ದಲದ ಗೆರೆಗಳು. ಫ್ರಿಜ್ಜು ಉಗುರು ಕಚ್ಚುತ್ತಿದ್ದ. ಮುಕ್ಕಾಲು ಗಂಟೆಗೆ ಹುಲ್ಲಿನ ನಡುವೆ ಏನೋ ತಲೆಯೆತ್ತಿತು. ನಾನು ಕಣ್ಣು ಮುಚ್ಚಿಕೊಂಡೆ. "ನೋಡಿ ಮೇಡಂ" ಎಂದ ಆತ. "ನೀವೇ ನೋಡಿ ಹೇಳಿ" ಎಂದೆ. "ಎರಡು ಡುಬ್ಬ ಇದೆ." "ಯಾವುದು ಎತ್ತರ?" ಕಣ್ಣು ಬಿಟ್ಟೆ. ನಮ್ಮ ಫ್ರಿಜ್ಜು ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದ!

ಎಡದ್ದು! ಎಡದ್ದೇ! ಬಲದ್ದರ ಒಂದೂವರೆ ಪಟ್ಟು!

ಅಲ್ಲಿ ಅನಿಲ ಒಳಕ್ಕೆ ಬೀಳುತ್ತಿದೆ. ವೇಗದ ರೈಲಿನ ಓಟದಲ್ಲಿ, ಎಲ್ಲ ಕಡೆಯಿಂದ, ಒಂದೇ ನಡುವಿಗೆ. ನಾನು ಸಾವಿರಾರು ಸಲ ತಟ್ಟೆ ತಿರುಗಿಸಿ, ನೋಡಿಯೂ ನೋಡದೆ, ಕಳೆದುಹಾಕಿದ ಜಾಗದಲ್ಲಿ ಒಂದು ನಕ್ಷತ್ರ ಕೂಡಿಬರುತ್ತಿದೆ! ಉಳಿದ ಎರಡು ಗಂಟೆ ಮೊಂಡನನ್ನು ನೋಡಿದೆವು. ಅವನದು ಮತ್ತೆ ಒಂದೇ ಡುಬ್ಬ, ದುಂಡಗೆ, ನೆಟ್ಟಗೆ. ಹರಡುತ್ತಲೂ ಇಲ್ಲ, ಬೀಳುತ್ತಲೂ ಇಲ್ಲ. ಆರಾಮಾಗಿ ಕೂತಿದ್ದಾನೆ, ಭಂಡ. ಅವನ ಮೇಲೆ ಇಷ್ಟು ಪ್ರೀತಿ ನನಗೆ ಯಾವತ್ತೂ ಬಂದಿರಲಿಲ್ಲ.

ಹನ್ನೊಂದು ಗಂಟೆಗೆ ಮನೆಗೆ ಫೋನ್ ಮಾಡಿದೆ. ಒಂದೇ ಸಲ ಗಂಟೆ ಬಾರಿಸುವುದರಲ್ಲಿ ಅಕ್ಕ ಎತ್ತಿದಳು, ಪಕ್ಕದಲ್ಲೇ ಕೂತಿದ್ದಿರಬೇಕು. "ಭುಜ ತಗ್ಗಿತ್ತು ಅಕ್ಕಾ!" ಎಂದು ಕಿರುಚಿದೆ. ಆಚೆಯಿಂದ ಏನೋ ಬಿದ್ದು ಚೂರಾದ ಸದ್ದು, ಆಮೇಲೆ ಅವಳ ಕೂಗು, ಆಮೇಲೆ ಅಳು, ಆಮೇಲೆ "ನಿನ್ನ ಲೋಟ ಒಡೀತು ಕಣೇ" ಎಂಬ ಮಾತು. ಒಡೆಯಲಿ ಬಿಡು ಎಂದೆ. ಇನ್ನು ಚಹಾ ಸೂಜಿ ಡಬ್ಬಿಯಲ್ಲೇ ಕುಡಿಯುತ್ತೇನೆ ಎಂದೆ. ಹೇಳಿದ್ದೆಲ್ಲ ಹುಚ್ಚುಚ್ಚು. ಫ್ರಿಜ್ಜು ಪಕ್ಕದಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡ.

ಮಾರ್ಚ್ ೨೪, ಮಂಗಳವಾರ

ಸಮಿತಿ ಸೇರಿತು. ನನ್ನ ತಪ್ಪನ್ನು ಮೊದಲು ನಾನೇ ಹೇಳಿದೆ: ಹೆಬ್ಬೆರಳಿಟ್ಟೆ, ಬಿಳಿ ಕಂಡೆ, ಅಂಚು ಓದಲಿಲ್ಲ. ಒಬ್ಬರೂ ನಗಲಿಲ್ಲ. ಸಭಾಂಗಣದ ತುಂಬ ಗುಸುಗುಸು. ಎಷ್ಟು ಜನ ತಂತಮ್ಮ ಖಾಲಿ ಜಾಗಗಳನ್ನು ನೆನೆದು ಬೆವರಿದರೋ! ಇನ್ನೊಂದು ಅಣುವಿನ ಸದ್ದನ್ನೂ ಕೇಳಿ ಖಚಿತಪಡಿಸಬೇಕೆಂದರು. ಅದಕ್ಕೆ ಎಂಬತ್ತು ಗಂಟೆ ಕೊಟ್ಟರು. ಎಂಬತ್ತು! ಮುಖ್ಯಸ್ಥರು ನನ್ನ ಮೇಜಿನಿಂದ ನೆಲಮಾಳಿಗೆಯ ಬೀಗದ ಕೈಯನ್ನು ತಾವೇ ಎತ್ತಿಕೊಂಡು ಹೋದರು.

ಹೊಸ ಗಂಟನ್ನು ಏನೆಂದು ಕರೆಯುತ್ತೀರಿ ಎಂದು ಒಬ್ಬರು ಕೇಳಿದರು. "ಖಾಲಿ" ಎಂದೆ. ಲಾಗಿನಲ್ಲಿ ಹನ್ನೊಂದು ವರ್ಷದಿಂದ ಇರುವ ಹೆಸರು, ಬದಲಾಯಿಸುವುದೇಕೆ?

ಅಂದಹಾಗೆ ಇವತ್ತಿಗೆ ಮೂರು ವಾರ. ಅಕ್ಕ ಮೇಸ್ತ್ರಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ, ಗಡಿಬಿಡಿಯ ದಿನ.

ಮಾರ್ಚ್ ೨೭, ಶುಕ್ರವಾರ

ಬಹಳ ದಿನದ ಮೇಲೆ ಮೇಸ್ತ್ರಿಗೆ ಫೋನ್ ಮಾಡಿದೆ. ಯೋಚಿಸಿಯೇ ಮಾಡಿದ್ದು. ಗಾರೆ ಒಣಗುವ ಮೊದಲು ನೆಲಕ್ಕೆ ಹಂಚು ಕೂರಿಸಿದರೆ ಮತ್ತೆ ಎದ್ದುಬರುತ್ತದೆ, ತೇವದ ಮನೆಯಲ್ಲಿ ಅಕ್ಕನಿಗೆ ಮಂಡಿನೋವು ಬಂದೀತು. ಇದು ಕೇವಲ ವೈಜ್ಞಾನಿಕ ಕಾಳಜಿ. "ಅವಸರ ಮಾಡ್ಬೇಡಪ್ಪ" ಎಂದೆ. "ಚೆನ್ನಾಗಿ ಒಣಗ್ಲಿ. ಬೇಕಾದ್ರೆ ಇನ್ನೊಂದು ತಿಂಗಳು ತಗೋ. ಗೋಡೆಗೂ ಎರಡು ಸಲ ಬಣ್ಣ ಬಳಿ."

"ಕೆಲಸ ಮುಗಿದು ಒಂಬತ್ತು ದಿನ ಆಯ್ತಲ್ಲ ಮೇಡಂ. ಹೋದ ವಾರ ಬುಧವಾರ ನಿಮ್ಮಕ್ಕನೇ ಬಂದು ನೋಡಿ, ಬೀಗದ ಕೈ ತಗೊಂಡು ಹೋದ್ರು. ನಿಮಗೆ ಹೇಳಬೇಡ ಅಂದಿದ್ರು... ಅಯ್ಯೋ, ಹೇಳಿಬಿಟ್ನಲ್ಲ!"

ದಾರ ಮರೆತು ಬಂದ ಬುಧವಾರ! ಫೋನ್ ಇಟ್ಟು ಸ್ನಾನದ ಮನೆಗೆ ಹೋಗಿ, ನಲ್ಲಿ ಬಿಟ್ಟುಕೊಂಡು, ಬಾಯಿಗೆ ಟವೆಲ್ ಒತ್ತಿ ನಕ್ಕೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಹೊರಗೆ ಬಂದಾಗ ಅಕ್ಕ ಬೊಂಬೆಗೆ ಹಳದಿ ಅಂಗಿ ತೊಡಿಸಿ ಗುಂಡುಸೂಜಿ ಚುಚ್ಚುತ್ತಿದ್ದಳು. ಬಾಯಲ್ಲೂ ಗುಂಡುಸೂಜಿ, ಗುನುಗು ಬೇರೆ. ಅಂಗಿಯ ಅಳತೆ ನೋಡಿದರೆ ನನ್ನದೇ.

"ಮೇಸ್ತ್ರಿಗೆ ಫೋನ್ ಮಾಡಿದ್ಯಾ? ಏನಂದ?" ಎಂದಳು, ತಲೆಯೆತ್ತದೆ.

"ಇನ್ನೂ ಒಣಗಿಲ್ವಂತೆ ಅಕ್ಕ."

ಅವಳ ಕೈ ನಿಂತಿತು. ನನ್ನ ಮುಖ ನೋಡಿದಳು. ನಾನು ಕಿಟಕಿ ನೋಡಿದೆ.

"ನಾನು ಹೇಳಿರ್ಲಿಲ್ವಾ" ಎಂದಳು, ಸೂಜಿಗಳನ್ನು ಬಾಯಿಂದ ತೆಗೆದು. "ಒಣಗೋಕೆ ತುಂಬ ದಿನ ಹಿಡಿಯುತ್ತೆ. ಬಾ, ಕೈ ಮೇಲೆತ್ತು, ತೋಳಿನ ಅಳತೆ ತಗೋತೀನಿ. ಬೊಂಬೇನ ನಂಬಿ ನಂಬಿ ಸಾಕಾಗಿದೆ."

ಕೈ ಮೇಲೆತ್ತಿ ನಿಂತೆ. ನಾಳೆ ಬರುವಾಗ ಎರಡು ಲೋಟ ತರಬೇಕು.